ಬೆನ್ನ ಮೇಲೆ ನಾಲ್ಕನೆಯ ಚುಕ್ಕಿ

ಮೊದಲು ಡೊಂಕಾಗಿ ಕಂಡದ್ದು ನಮ್ಮ ಮಲಗುವ ಕೋಣೆಯ ಕಿಟಕಿ. ಜರ್ಮನಿಯ ಬೊಬ್ಲಿಂಗೆನ್‌ನ ಈ ಬಾಡಿಗೆ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಅದೇ ಕಿಟಕಿಯ ಮುಂದೆ ನಿಂತು ಚಹಾ ಕುಡಿದಿದ್ದೇನೆ. ಒಂದು ಬೆಳಿಗ್ಗೆ ನೋಡುತ್ತೇನೆ, ಚೌಕಟ್ಟಿನ ನಡುಭಾಗವನ್ನು ಯಾರೋ ಒಳಕ್ಕೆ ಚಿವುಟಿ ಹಿಡಿದಂತಿದೆ. ನಾನು ಫೊಯರ್‌ಬಾಕ್‌ನ ಒಂದು ಕಾರ್ಖಾನೆಯಲ್ಲಿ ಅಳತೆ ಕೋಣೆಯ ಎಂಜಿನಿಯರ್. ಕೂದಲೆಳೆಯನ್ನು ಹತ್ತಾರು ಸೀಳು ಮಾಡಿದರೆ ಅದರಲ್ಲೊಂದು ಸೀಳಿನಷ್ಟು ತಪ್ಪಿಗೂ ನಮ್ಮಲ್ಲಿ ಕ್ಷಮೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ; ನಾನು ಹಾಸಿಗೆಯನ್ನೂ ಅಳೆದು, ಕಾಲನ್ನೂ ಅಳೆದು, ಆಮೇಲೆ ಮಲಗುವ ಜಾತಿ. ಅಂಥವನ ಮನೆಯಲ್ಲಿ ಡೊಂಕು ಕಿಟಕಿ! ಅಂದೇ ಮನೆ ನೋಡಿಕೊಳ್ಳುವ ಹೌಸ್‌ಮೈಸ್ಟರ್‌ಗೆ ಫೋನು ಮಾಡಿ, ಕಟ್ಟಡದ ಪಾಯ ಕುಸಿಯುತ್ತಿರಬಹುದು ಎಂದು ಗಂಭೀರವಾಗಿ ಎಚ್ಚರಿಸಿದೆ.

ಆತ ಪಾಪ, ರಸಮಟ್ಟ ಹಿಡಿದುಕೊಂಡು ಬಂದ. ಚೌಕಟ್ಟಿನ ನಾಲ್ಕೂ ಕಡೆ ಇಟ್ಟು ತೋರಿಸಿದ. ಎಲ್ಲವೂ ನೆಟ್ಟಗಿತ್ತು. ನಾನು ರಸಮಟ್ಟವೇ ಸರಿಯಿಲ್ಲ ಎಂದೆ. ಆತ ನನ್ನನ್ನೂ ನನ್ನ ಹೆಂಡತಿಯನ್ನೂ ಒಮ್ಮೆ ನೋಡಿ, ಶುಭದಿನ ಹಾರೈಸಿ ಹೊರಟುಹೋದ.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದಳು ಹೆಂಡತಿ. ನಾವಿಬ್ಬರೂ ಧಾರವಾಡದ ಕಡೆಯವರು. ಇಲ್ಲಿನ ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅವಳು ಪುಟ್ಟ ಮಕ್ಕಳಿಗೆ ಆಟ-ಪಾಠ ಮಾಡಿಸುತ್ತಾಳೆ, ಹಾಗಾಗಿ ಅವಳ ಜರ್ಮನ್ ನನ್ನದಕ್ಕಿಂತ ಎಷ್ಟೋ ವಾಸಿ. ಅವಳು ಎದ್ದು ಬಂದು ನನ್ನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. "ಈಗ ನನ್ನ ಮಾರಿ ನೋಡ್ರಿ."

ನೋಡಿದೆ. ಅವಳ ಕಿವಿ ಕಂಡಿತು, ಹೆರಳು ಕಂಡಿತು, ಕೊರಳಿನ ಸರ ಕಂಡಿತು. ಮುಖವಿರಬೇಕಾದಲ್ಲಿ ಬೂದುಬಣ್ಣದ ಒಂದು ಮಸುಕು. ಅದನ್ನು ನೋಡಲೆಂದು ಕಣ್ಣು ತಿರುಗಿಸಿದಷ್ಟೂ ಮಸುಕು ಜೊತೆಗೇ ತಿರುಗಿತು.

ಕಣ್ಣಾಸ್ಪತ್ರೆ ಔಗೆನ್‌ಕ್ಲಿನಿಕ್‌ನ ವೈದ್ಯೆ ಹೇಳಿದ್ದು ಇಷ್ಟು: ಬಲಗಣ್ಣಿನ ಪರದೆಯ ನಟ್ಟನಡುವೆ ತೂತು ಬಿದ್ದಿದೆ. ನೇರ ನೋಟವೆಲ್ಲ ಅಲ್ಲಿಯೇ ಬೀಳುವುದು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗೆ ಗಾಳಿಗುಳ್ಳೆಯೊಂದನ್ನು ತುಂಬುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ. ಹಾಗಾಗಿ ಒಂದು ವಾರ ಮುಖ ನೆಲಕ್ಕೆ ಮಾಡಿಕೊಂಡಿದ್ದರೆ ಅದು ತೂತನ್ನು ಒತ್ತಿ ಹಿಡಿದು ಮುಚ್ಚಿಸಬಹುದು. ಮುಚ್ಚದೆಯೂ ಇರಬಹುದು. "ಅರ್ಧ ಕೆಲಸ ನಮ್ಮದು, ಉಳಿದರ್ಧ ನಿಮ್ಮ ಕುತ್ತಿಗೆಯದು," ಎಂದರು ಅವರು. ನನ್ನ ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಬೆಳಕು, ಬಣ್ಣ ಬಿಟ್ಟರೆ ಅದಕ್ಕೆ ಹೆಚ್ಚೇನೂ ತಿಳಿಯದು. ಬಲಗಣ್ಣು ಹೋದರೆ ಓದು ಹೋಯಿತು, ಅಳತೆ ಕೋಣೆ ಹೋಯಿತು. ಇವೆರಡನ್ನು ಹೇಗೋ ಸಹಿಸಿಯೇನು ಅನ್ನಿಸಿತ್ತು. ಉಳಿದ ಆಯುಷ್ಯವನ್ನೆಲ್ಲ ಮುಖವಿಲ್ಲದ ಹೆಂಡತಿಯ ಜೊತೆ ಕಳೆಯಬೇಕಲ್ಲ ಎಂಬುದನ್ನು ಮಾತ್ರ ಸಹಿಸಲಾಗಲಿಲ್ಲ. ಕ್ಲಿನಿಕ್ಕಿನ ಶೌಚಾಲಯದಲ್ಲಿ ನಿಂತು ಅತ್ತುಬಿಟ್ಟೆ.

ಚಿಕಿತ್ಸೆ ಆಯಿತು. ವೈದ್ಯಕೀಯ ಸಾಮಾನಿನ ಅಂಗಡಿ ಸ್ಯಾನಿಟೇಟ್ಸ್‌ಹೌಸ್‌ನಿಂದ ಒಂದು ವಿಚಿತ್ರ ಕುರ್ಚಿ ಬಾಡಿಗೆಗೆ ಬಂತು. ಅದರಲ್ಲಿ ಎದೆಯೊರಗಿಸಿ, ಮುಂದಿನ ಮೆತ್ತೆಯ ಕಿಂಡಿಯೊಳಗೆ ಮುಖವಿಟ್ಟು ಕೂತರೆ ಕಾಣುವುದು ನೆಲವೊಂದೇ. ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದ್ದರು, ಗುಳ್ಳೆ ಕರಗುವ ತನಕ ವಿಮಾನ ಹತ್ತಬಾರದೆಂದು. ಚಹಾವನ್ನು ನಳಿಗೆಯಲ್ಲಿ ಹೀರುವುದು, ಚಪಾತಿಯನ್ನು ಕೆಳಗಿನಿಂದ ಬಾಯಿಗೆ ತಂದುಕೊಳ್ಳುವುದು. ಬೇರೆ ಊರಿನಲ್ಲಿ ಓದುತ್ತಿರುವ ಮಗಳು ವಿಡಿಯೋ ಕರೆ ಮಾಡಿದಾಗ ದನಿ ಕೇಳಿ ತಲೆ ಎತ್ತಹೊರಟರೆ ಸಾಕು, "ಪಪ್ಪಾ, ಕೊಪ್ಫ್ ರುಂಟರ್!" ಎಂದು ಗದರುತ್ತಿದ್ದಳು. ತಲೆ ಮತ್ತೆ ಕೆಳಗೆ ಹೋಗುತ್ತಿತ್ತು. ಮಗಳ ಮಾತನ್ನು ನಾನು ಅಷ್ಟು ಕೇಳಿದ್ದು ಅದೇ ಮೊದಲು.

ಬಲಗಣ್ಣಿನಲ್ಲಿ ಗುಳ್ಳೆಯ ಮಂಜು, ಎಡಗಣ್ಣಿನಲ್ಲಿ ಮರದ ಹಲಗೆಯ ಮಸುಕು ಬಣ್ಣ. ಮನೆಯೆಲ್ಲ ನೀರಿನಡಿಗೆ ಹೋದ ಹಾಗಿತ್ತು. ಹೊರಗಿನ ಸದ್ದುಗಳು ನಿಧಾನವಾಗಿ, ಎಲ್ಲಿಂದಲೋ ಇಳಿದು ಬರುತ್ತಿದ್ದವು. ಎಚ್ಚರ ಯಾವುದು, ಜೊಂಪು ಯಾವುದು ಎಂಬ ಗೆರೆ ಅಳಿಸಿಹೋಗಿತ್ತು. ಸಮಯ ಎಷ್ಟೆಂದು ಕೇಳುವುದನ್ನೂ ಬಿಟ್ಟೆ. ಅಷ್ಟರಮಟ್ಟಿಗೆ ನನಗೆ ಕಾಯಿಲೆಯಾಗಿದೆ ಎಂದು ಹೆಂಡತಿಗೆ ಆಗ ಖಾತ್ರಿಯಾಯಿತಂತೆ.

ಎರಡನೆಯ ದಿನವೋ ಏನೋ, ಬೇಸರ ತಾಳಲಾರದೆ ಅವಳನ್ನು ಕೇಳಿದೆ: "ನನ್ನ ಗಣಿತದ ಕಪಾಟಿನ್ಯಾಗಿಂದ ಯಾವುದರೆ ಒಂದ್ ಬುಕ್ ಓದಿ ಹೇಳು. ಚಿತ್ರ ಇಲ್ಲದ್ದು ನೋಡು. ಚಿತ್ರ ಇದ್ರ ನನಗೇನ್ ಕಾಣಸ್ತದ?"

ಅವಳು ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ಬಿಡಿಸಿ ನೋಡುತ್ತ ಹೋದಳು. "ಇದ್ರಾಗ ಚಿತ್ರ. ಇದ್ರಾಗನೂ ಚಿತ್ರ. ಇದ್ರಾಗ ಬರೇ ಚಿತ್ರ." ಕೊನೆಗೆ ಒಂದರ ಹಾಳೆಗಳನ್ನು ಮೊದಲಿನಿಂದ ಕಡೆಯವರೆಗೆ ಎರಡು ಸಲ ತಿರುವಿದ ಸದ್ದು ಕೇಳಿಸಿತು. "ಏನ್ರೀ ಇದು, ಜ್ಯಾಮಿಟ್ರಿ ಬುಕ್ ಅಂತ, ಆದ್ರ ಒಂದ್ ಗೆರಿ ಸೈತ ಹಾಕಿಲ್ಲಲ್ರೀ ಈ ಮಾಸ್ತರ!"

ಯಾವುದೆಂದು ತಿಳಿಯಿತು. ರೆನ್ನಿಂಗೆನ್‌ನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ಮೈಸೂರು ಕಡೆಯ ಹುಡುಗನೊಬ್ಬ ನನ್ನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಹಳೆಯ ಪುಸ್ತಕದ ಮರುಮುದ್ರಣ ಅದು. ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ಜ್ಯಾಮಿತಿಕಾರ ಬರೆದದ್ದು. ಅದರಲ್ಲಿ ಚಿತ್ರವಿಲ್ಲದಿರುವುದು ಸಣ್ಣ ವಿಷಯ, ಅಳತೆಯೇ ಇಲ್ಲ. ಉದ್ದವಿಲ್ಲ, ಕೋನದ ಡಿಗ್ರಿ ಇಲ್ಲ, ಸಂಖ್ಯೆಯಿಲ್ಲ. ಯಾವ ಬಿಂದು ಯಾವ ಗೆರೆಯ ಮೇಲಿದೆ, ಯಾವ ಗೆರೆ ಯಾವುದನ್ನು ಎಲ್ಲಿ ಕೂಡುತ್ತದೆ, ಇಷ್ಟನ್ನೇ ಇಟ್ಟುಕೊಂಡು ಜ್ಯಾಮಿತಿಯನ್ನೆಲ್ಲ ಕಟ್ಟಬಹುದು ಎಂಬುದು ಅವರ ಹಟ. "ಗುರುಗಳೇ, ನಿಮಗೋಸ್ಕರಾನೇ ಹುಡುಕಿ ತಂದೆ. ಸ್ವಲ್ಪ ಅಳೆಯೋದು ಬಿಡಿ, ಬಿಪಿ ಕಮ್ಮಿ ಆಗತ್ತೆ," ಎಂದಿದ್ದ ಆ ತರಲೆ. ಅಳತೆಯಿಲ್ಲದ ಜ್ಯಾಮಿತಿ ಉಪ್ಪಿಲ್ಲದ ಸಾರು ಎಂದು ಬೈದು ಕಪಾಟಿಗೆ ಸೇರಿಸಿದ್ದೆ.

ಅವಳು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಓದತೊಡಗಿದಳು. ಮೊದಲು ಜರ್ಮನ್‌ನಲ್ಲಿ ಒಂದು ವಾಕ್ಯ, ಆಮೇಲೆ ಅದೇ ಧಾರವಾಡದ ಕನ್ನಡದಲ್ಲಿ. ನನಗೆ ಕಾಣುತ್ತಿದ್ದುದು ಅವಳ ಪಾದಗಳ ಬಣ್ಣ ಮಾತ್ರ, ನೀಲಿ ಉಣ್ಣೆಯ ಸಾಕ್ಸು. "ಎರಡು ಬಿಂದು ಇದ್ರ ಅವನ್ನ ಕೂಡಸೂದು ಒಂದ ಗೆರಿ, ಅಂತಾನ. ಒಂದ ಸಪಾಟದ ಮ್ಯಾಲೆ ಎರಡು ಗೆರಿ ಇದ್ರ ಅವು ಒಂದ ಬಿಂದುದಾಗ ಕೂಡ್ತಾವು, ಅಂತಾನ. ಇದರಾಗೇನದ ರೀ, ನಮ್ಮ ಕಿಟಾದ ಹುಡುಗುರೂ ಹೇಳ್ತಾವು."

"ರೈಲು ಹಳಿ ಕೂಡಂಗಿಲ್ಲಲ್ಲ," ಎಂದೆ ನೆಲಕ್ಕೆ.

"ತಡೀರಿ, ಮುಂದ ಹೇಳಿರ್ತಾನ."

ಮಧ್ಯಾಹ್ನದ ಹೊತ್ತಿಗೆ ಮೂರು ಚುಕ್ಕಿಗಳ ಪಾಠ ಬಂತು. ಒಂದು ಗೆರೆಯ ಮೇಲೆ ಮೂರು ಬಿಂದುಗಳಿದ್ದರೆ, ಬರೀ ಗೆರೆಗಳನ್ನೆಳೆದು ಅದೇ ಗೆರೆಯ ಮೇಲೆ ನಾಲ್ಕನೆಯದೊಂದನ್ನು ಹುಡುಕಬಹುದು. ಎಲ್ಲಿಂದ ಶುರುಮಾಡಿದರೂ, ಹೇಗೆ ಎಳೆದರೂ, ನಾಲ್ಕನೆಯದು ಬಂದು ನಿಲ್ಲುವುದು ಅದೇ ಜಾಗದಲ್ಲಿ. ಓದಿದ್ದು ಅವಳಿಗೂ ತಿಳಿಯಲಿಲ್ಲ, ಕೇಳಿದ ನನಗೂ ಕಣ್ಣಿಗೆ ಕಟ್ಟಲಿಲ್ಲ. ಅವಳು ಎದ್ದು ಹೋಗಿ ಉಣ್ಣೆಯ ದಾರ, ಸೇಫ್ಟಿ ಪಿನ್ನುಗಳ ಡಬ್ಬಿ ತಂದಳು. "ಅಲುಗ್ಯಾಡಬ್ಯಾಡ್ರಿ. ನಿಮ್ಮ ಬೆನ್ನ ಈಗ ಬೋರ್ಡ್."

ನನ್ನ ಬನಿಯನ್ನಿಗೆ, ಸೊಂಟದ ಮೇಲೆ ಅಡ್ಡಸಾಲಿನಲ್ಲಿ ಮೂರು ಪಿನ್ನು ಚುಚ್ಚಿದಳು. ಕತ್ತಿನ ಹತ್ತಿರ ಇನ್ನೊಂದು. ಅಲ್ಲಿಂದ ಕೆಳಗಿನ ಮೂರಕ್ಕೂ ದಾರ ಬಿಗಿದಳು. ನಡುದಾರದ ಮೇಲೆ ಮನಸ್ಸಿಗೆ ಬಂದ ಕಡೆ ಒಂದು ಪಿನ್ನು. ಸಾಲಿನ ಎರಡು ತುದಿಗಳಿಂದ ಅದರ ಮೂಲಕ ಎರಡು ಅಡ್ಡದಾರ. ಆ ಅಡ್ಡದಾರಗಳು ಎದುರಿನ ಪಕ್ಕದ ದಾರಗಳನ್ನು ಮುಟ್ಟುವಲ್ಲಿ ಎರಡು ಗಂಟು. ಆ ಗಂಟುಗಳನ್ನು ಕೂಡಿಸಿ ಎಳೆದ ದಾರ ಕೆಳಗಿನ ಸಾಲಿಗೆ ಬಂದು ಸೇರಬೇಕು, ಸೇರಿದಲ್ಲಿ ನಾಲ್ಕನೆಯ ಚುಕ್ಕಿ. ಬಟ್ಟೆಯ ಮೇಲೆ ಅವಳ ಬೆರಳು ಓಡಾಡುವುದನ್ನೇ ಹಿಂಬಾಲಿಸುತ್ತಿದ್ದೆ. ಚಿತ್ರ ಕಣ್ಣಿನ ಬದಲು ಚರ್ಮದಲ್ಲಿ ಮೂಡುತ್ತಿತ್ತು. ಇಷ್ಟು ಹೊತ್ತು ಅವಳು ನನ್ನ ಬೆನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ.

"ಎಲ್ಲಿಗ್ರೀ ಹೋತು ಇದು? ಕೂಡವಲ್ದು! ಸಾಲಿನ ಜೋಡಿ ಸಮಾ ಓಡಿಕೋತ ಹೊಂಟದ. ನಿಮ್ಮ ಬೆನ್ನ ಮುಗೀತು, ಕುರ್ಚಿ ಮುಗೀತು, ಇನ್ನೂ ಕೂಡವಲ್ದು."

ನನಗೆ ನಗು ಬಂತು. "ಸಾಲಿನ ನಡುವಿನ ಪಿನ್ನು ಎಲ್ಲಿ ಚುಚ್ಚೀದಿ?"

"ನಡುವಂದ್ರ ನಡುವ. ಬರೋಬರಿ ಮಧ್ಯದಾಗ. ಚಂದ ಕಾಣ್ಲಿ ಅಂತ."

ಮೂರರಲ್ಲಿ ನಡುವಿನದು ಸರಿಯಾಗಿ ಮಧ್ಯದಲ್ಲಿದ್ದರೆ ನಾಲ್ಕನೆಯದು ಅನಂತದಲ್ಲಿರುತ್ತದೆ. ಇದು ನಾನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಕಲಿತು ಮರೆತದ್ದು. ಆದರೆ ನನ್ನ ಸೊಂಟದ ಮೇಲೆ ಹೊರಟ ದಾರವೊಂದು ಬೆನ್ನು ಮುಗಿದ ಮೇಲೂ ಮುಂದುವರಿಯುತ್ತಿದೆ ಎಂದು ತಿಳಿದಿರಲಿಲ್ಲ. ಅವಳು ಹಾಳೆ ತಿರುವಿ ಹುಡುಕಿ ಓದಿದಳು: ಒಂದಕ್ಕೊಂದು ಸಮಾನಾಂತರವಾದ ಗೆರೆಗಳಿಗೂ ಕೂಡುವ ಬಿಂದು ಒಂದಿದೆ, ತೀರಾ ದೂರದಲ್ಲಿದೆ, ಅಷ್ಟೇ, ಉಳಿದ ಬಿಂದುಗಳಿಗಿರುವ ಮರ್ಯಾದೆಯನ್ನೇ ಅದಕ್ಕೂ ಕೊಡಬೇಕು. ಓದುತ್ತ ಓದುತ್ತ ಅವಳ ದನಿ ಮೆತ್ತಗಾಯಿತು. ನಾನು ಜೊಂಪಿಗೆ ಜಾರಿದೆ. ದಾರ ಕಿಟಕಿಯಿಂದ ಹೊರಗೆ ಹೋಯಿತು, ಎಸ್-ಬಾನ್ ರೈಲು ನಿಲ್ದಾಣದ ಮೇಲೆ ಹಾದು, ಹಳಿಗಳ ಜೊತೆ ಓಡಿ, ಕಾಡಿನಂಚಿನ ಮಂಜಿನೊಳಗೆ ಹೋಯಿತು. ಆ ತುದಿಯಲ್ಲಿ ಯಾರೋ ಅದನ್ನು ಹಿಡಿದುಕೊಂಡು ನಿಂತಿದ್ದರು. ಹಳೆಯ ಕಾಲದ ಕಪ್ಪು ಕೋಟು. ದಾರ ಹಗುರಾಗಿ ಎರಡು ಸಲ ಜಗ್ಗಿತು. ಎಚ್ಚರಾದಾಗ ಹೆಂಡತಿ ಬೆನ್ನಿನಿಂದ ಪಿನ್ನು ಬಿಚ್ಚುತ್ತಿದ್ದಳು.

ಮಧ್ಯದ ಪಿನ್ನನ್ನು ಬಲಕ್ಕೆ ಸರಿಸಿ ಮತ್ತೆ ಕಟ್ಟಿದಾಗ ನಾಲ್ಕನೆಯ ಚುಕ್ಕಿ ನನ್ನ ಬಲ ಪಕ್ಕೆಯ ಹತ್ತಿರ ಬಂತು, ಅಲ್ಲೊಂದು ಗುರುತಿನ ಪಿನ್ನು ಚುಚ್ಚಿದಳು. ಮೇಲಿನ ಪಿನ್ನನ್ನು ಎಡ ಭುಜಕ್ಕೆ ಹಾಕಿ ಇನ್ನೊಂದು ಸಲ ಕಟ್ಟಿದಳು. ಈ ಸಲ ಎರಡು ಬೆರಳು ಆಚೆ ಬಂತು. ಒಪ್ಪಬಹುದಾದ ತಪ್ಪಿನ ಮಿತಿ ಮೀರಿತು ಎಂದು ನಾನು ತೀರ್ಪು ಕೊಟ್ಟೆ. "ನಿಮ್ಮ ಬೆನ್ನ ಸಪಾಟಿಲ್ಲ, ಅದಕ್ಕ ಮಾಸ್ತರ ಏನ್ ಮಾಡ್ಬೇಕು?" ಎಂದಳು. ಬನಿಯನ್ನನ್ನು ಎಳೆದು ಸರಿಮಾಡಿ ಮತ್ತೆ ಕಟ್ಟಿದಳು. ಗುರುತಿನ ಪಿನ್ನಿನ ಮೇಲೆಯೇ ದಾರ ಬಂದು ಕೂತಿತು. ಅವಳು ಕಿಟಾದ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ನಾನು ಹಲವಾರು ದಿನಗಳ ಮೇಲೆ ಮೊದಲ ಬಾರಿಗೆ ಕಣ್ಣಿನ ಚಿಂತೆಯನ್ನು ಮರೆತಿದ್ದೆ.

ವಾರದ ಕೊನೆಗೆ ರೆನ್ನಿಂಗೆನ್‌ನ ಹುಡುಗ ನೋಡಲು ಬಂದ. ಬೆನ್ನ ತುಂಬ ನೂಲು ಕಟ್ಟಿಕೊಂಡು ಕೂತ ನನ್ನನ್ನು ಕಂಡು, "ಏನ್ ಗುರುಗಳೇ, ಮಗ್ಗ ಆಗ್ಬಿಟ್ರಾ?" ಎಂದ. ಹೆಂಡತಿ ಅವನಿಗೆ ಉಪ್ಪಿಟ್ಟು ಕೊಟ್ಟು, ಮಾಸ್ತರರ ಕತೆ ಹೇಳು ಎಂದಳು. ಅವನು ತಿನ್ನುತ್ತ ಹೇಳಿದ. ಊರಿನಿಂದ ಬಂದ ಅಪ್ಪ-ಅಮ್ಮಂದಿರನ್ನೆಲ್ಲ ನಾವು ತಪ್ಪದೆ ಕರೆದುಕೊಂಡು ಹೋಗಿ ಫೋಟೋ ತೆಗೆಸುತ್ತೇವಲ್ಲ, ಸುತ್ತಲೂ ಕೋಟೆಗೋಡೆಯಿರುವ ರೋಟೆನ್‌ಬುರ್ಗ್, ಮಾಸ್ತರರು ಹುಟ್ಟಿದ್ದು ಅಲ್ಲಿ. ಗ್ಯೋಟಿಂಗೆನ್‌ನಲ್ಲಿ ಆ ಕಾಲದ ಅತಿದೊಡ್ಡ ಗಣಿತಜ್ಞನ ಶಿಷ್ಯ. ಹುಡುಗನಾಗಿದ್ದಾಗ ಧೂಮಕೇತುವೊಂದರ ದಾರಿಯನ್ನು ಲೆಕ್ಕ ಹಾಕಿ ಹೆಸರು ಮಾಡಿದ್ದು. ಅಂದರೆ ಶುರುವಾದದ್ದು ಅಳತೆಯಿಂದಲೇ, ಅದೂ ಆಕಾಶದ ಅಳತೆ. ಆಮೇಲೆ ಶಾಲೆಗಳಲ್ಲಿ ಪಾಠ, ಕೊನೆಗೆ ಎರ್ಲಾಂಗೆನ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯ. ಬದುಕಿನ ಉಳಿದದ್ದೆಲ್ಲ ಅಲ್ಲಿಯೇ, ಸದ್ದುಗದ್ದಲವಿಲ್ಲದೆ. ಶಿಷ್ಯರು ಬೆರಳೆಣಿಕೆ. ಪುಸ್ತಕ ತೀರಾ ಒಣ, ಚಿತ್ರ ಬೇರೆ ಇಲ್ಲ, ಹಾಗಾಗಿ ಓದಿದವರೂ ಕಡಿಮೆ. ಅದರ ಬೆಲೆ ಜಗತ್ತಿಗೆ ತಿಳಿದದ್ದು ನಿಧಾನವಾಗಿ.

"ಮತ್ತ ಮನ್ಯಾಗ?" ಎಂದಳು ಹೆಂಡತಿ.

"ಹೆಂಡತಿ ಇದ್ರು. ಒಬ್ಬ ಮಗ, ಒಬ್ಬ ಮಗಳು. ಈ ಬುಕ್ ಬಂತಲ್ಲ, ಅದರ ಮುಂದಿನ ವರ್ಷವೇ ಆ ಹೆಂಡತಿ ತೀರಿಕೊಂಡ್ರು. ಇವರು ಮತ್ತೆ ಮದುವೆ ಆಗಲಿಲ್ಲ."

ಹೆಂಡತಿ ಪುಸ್ತಕವನ್ನು ಹತ್ತಿರ ಎಳೆದುಕೊಂಡ ಸದ್ದು ಕೇಳಿಸಿತು.

"ಆಮೇಲೆ ಏನ್ ಬರದ್ರು?"

"ಆಮೇಲಾ? ಕಾಣಿಸದೇ ಇರೋ ಬಿಂದುಗಳ ಬಗ್ಗೆ. ಒಂದು ವೃತ್ತ ಇದೆ, ದೂರದಲ್ಲಿ ಒಂದು ಗೆರೆ ಇದೆ, ಮುಟ್ಟೋದೇ ಇಲ್ಲ ಅನ್ಕೊಳ್ಳಿ ಅಕ್ಕಾ. ಆದ್ರೂ ಲೆಕ್ಕದ ಪ್ರಕಾರ ಅವು ಎರಡು ಕಡೆ ಕೂಡತ್ವೆ. ಬರೆದು ತೋರಿಸೋಕ್ಕಾಗಲ್ಲ. ಆ ಬಿಂದುಗಳು ಯಾವಾಗ್ಲೂ ಜೋಡಿಯಾಗೇ ಇರತ್ವೆ. ಕಲ್ಪನೆ ಅಂತ ಎಲ್ರೂ ಪಕ್ಕಕ್ಕಿಟ್ಟಿದ್ರು. ಇವರು ಅವಕ್ಕೂ ಜ್ಯಾಮಿತಿ ಒಳಗೇ ಒಂದು ನೆಲೆ ಕೊಟ್ರು."

"ಮತ್ತ!" ಎಂದಳು ಅವಳು, ಇದಕ್ಕಿಂತ ಸಹಜವಾದದ್ದು ಏನಿದೆ ಎಂಬಂತೆ. ಆ ಹುಡುಗ ಹೋದ ಮೇಲೆ ಕೇಳಿದಳು: "ಅಷ್ಟು ವರ್ಷ ಒಬ್ಬಾವ್ನ ಇದ್ನಲ್ರೀ. ಅಕಿ ಮಾರಿ ಹೆಂಗಿತ್ತು ಅಂತ ಅವಂಗ ನೆನಪಿತ್ತೇನು?"

ಅವಳು ಕೇಳುತ್ತಿರುವುದು ಮಾಸ್ತರರ ಬಗ್ಗೆ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ನನಗ ನಿಂದು ನೆನಪದ," ಎಂದೆ ನೆಲದ ಕಡೆಗೆ. "ದಿನಾ ಬಿಡಿಸಿಕೋತೀನಿ." ಅದು ನಿಜ. ಕಿಂಡಿಯೊಳಗೆ ಮುಖವಿಟ್ಟು ಜೊಂಪಿಗೆ ಜಾರುವ ಮುಂಚೆ ಪ್ರತಿ ಸಲವೂ ಅವಳ ಮುಖವನ್ನು ಹುಬ್ಬಿನಿಂದ ಗಲ್ಲದವರೆಗೆ ಒಂದೊಂದಾಗಿ ಕೂಡಿಸುತ್ತಿದ್ದೆ, ಎಲ್ಲಿ ಒಂದು ಗೆರೆ ಮರೆತುಹೋಗುತ್ತದೋ ಎಂಬ ಹೆದರಿಕೆಯಲ್ಲಿ. ನೀಲಿ ಸಾಕ್ಸು ನನ್ನ ಕುರ್ಚಿಗೆ ಇನ್ನಷ್ಟು ಹತ್ತಿರ ಬಂತು.

ವಾರ ಮುಗಿದು ತಲೆ ಎತ್ತಿದೆ. ಗುಳ್ಳೆ ಕರಗಲು ಇನ್ನೂ ಕೆಲವು ವಾರ ಹಿಡಿಯಿತು. ಕಣ್ಣಿನೊಳಗೆ ಎಲ್ಲವೂ ತಲೆಕೆಳಗಾಗಿ ಬೀಳುವುದರಿಂದ ನೋಟದ ಮೇಲ್ಭಾಗದಲ್ಲಿ ಮೊದಲು ತೆಳುವಾದ ಬೆಳಕಿನ ಪಟ್ಟಿ ಬಂತು, ಕೆಳಗೆಲ್ಲ ತುಳುಕುವ ಗುಳ್ಳೆ. ದಿನದಿನವೂ ಅದರ ಅಂಚು ಕೆಳಗಿಳಿಯಿತು. ಆ ಪಟ್ಟಿಯಲ್ಲಿ ಚರ್ಚಿನ ಗೋಪುರದ ತುದಿ ಬಂತು, ಮರಗಳ ನೆತ್ತಿ ಬಂತು. ಹೆಂಡತಿ ಮಾತ್ರ ಎದುರಿಗೆ ನಿಲ್ಲಲೇ ಇಲ್ಲ. ನಾನು ತಿರುಗಿದರೆ ಅವಳೂ ಪಕ್ಕಕ್ಕೆ ತಿರುಗುತ್ತಿದ್ದಳು. "ಪೂರ್ತಿ ಕರಗ್ಲಿ. ಅರ್ಧಾ ಮರ್ಧಾ ನೋಡಬ್ಯಾಡ್ರಿ." ಅವಳಿಗೂ ಹೆದರಿಕೆಯಿತ್ತು.

ಗುಳ್ಳೆ ಪೂರಾ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ತಪಾಸಣೆಯ ಟರ್ಮಿನ್ ಇತ್ತು. ವೈದ್ಯೆ ಕಣ್ಣಿನೊಳಗಿನ ಚಿತ್ರ ತೆಗೆದು ನೋಡಿ, ತೂತು ಮುಚ್ಚಿದೆ ಎಂದರು. ಆದರೆ ಚೌಕುಳಿ ಗೆರೆಗಳ ಹಾಳೆಯನ್ನು ಮುಂದೆ ಹಿಡಿದಾಗ ನಡುವಿನ ಗೆರೆಗಳು ಇನ್ನೂ ಕೊಂಚ ಅಲುಗಿದಂತೆ ಕಂಡವು. ಕೆಲವರಿಗೆ ಇದು ತಿಂಗಳುಗಳಲ್ಲಿ ನೆಟ್ಟಗಾಗುತ್ತದೆ, ಕೆಲವರಿಗೆ ಹಾಗೆಯೇ ಉಳಿಯುತ್ತದೆ, ಈಗಲೇ ಹೇಳಲಾಗದು ಎಂದರು. ಅಳತೆಯವನಿಗೆ ಇದಕ್ಕಿಂತ ಕೆಟ್ಟ ಉತ್ತರ ಬೇರೆಯಿಲ್ಲ. ಉಪಕರಣದಲ್ಲೇ ಡೊಂಕಿದ್ದರೆ ಇನ್ನು ಮುಂದೆ ಕಂಡದ್ದರಲ್ಲಿ ಯಾವುದನ್ನು ನಂಬುವುದು?

ಹೆಂಡತಿ ಹೊರಗಿನ ಪಡಸಾಲೆಯಲ್ಲಿ ಎರಡು ಕಾಫಿ ಹಿಡಿದು ನಿಂತಿದ್ದಳು. ಈ ಸಲ ತಿರುಗಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೆ ನೇರವಾಗಿ ಮುಖ ಮಾಡಿ ನಿಂತಳು. ನಾನು ಎಡಗಣ್ಣು ಮುಚ್ಚಿಕೊಂಡು ನೋಡಿದೆ. ಹುಬ್ಬು ಬಂತು, ಕಣ್ಣುಗಳು ಬಂದವು, ಮೂಗುತಿ ಬಂತು. ಮಸುಕಿಲ್ಲ. ತಿಂಗಳುಗಳ ಮೇಲೆ ಇಡೀ ಮುಖ. ಆಮೇಲೆ ಬಾಯಿ. ಎಡತುದಿ ಸ್ವಲ್ಪ ಕೆಳಗೆ ಜಾರಿತ್ತು. ಎಷ್ಟು ಸಲ ರೆಪ್ಪೆ ಬಡಿದು ನೋಡಿದರೂ ಜಾರಿಯೇ ಇತ್ತು.

"ಹೆಂಗ ಕಾಣಸ್ತೀನ್ರೀ?"

ಸುಳ್ಳು ಹೇಳೋಣವೆಂದುಕೊಂಡೆ. ಬಾಯಿ ಬರಲಿಲ್ಲ. "ಎಲ್ಲಾ ಕಾಣಸ್ತದ. ಆದ್ರ ಡೊಂಕ ಉಳದದ. ನಿನ್ನ ಬಾಯಿ, ಎಡಗಡೆ, ಸ್ವಲ್ಪ ಕೆಳಗ ಜಗ್ಗಿದಂಗ ಕಾಣ್ತದ."

ಅವಳು ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ ಬೆರಳಿನಿಂದ ತನ್ನ ಬಾಯಿಯ ಆ ತುದಿಯನ್ನು ಮುಟ್ಟಿಕೊಂಡು ಹೇಳಿದಳು: "ಅದು ನಿಮ್ಮ ಕಣ್ಣಂದಲ್ರೀ. ಅದು ನಂದ."

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದ ಬೆಳಿಗ್ಗೆ, ಅವಳು ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ಸೋರಿಹೋಗಿತ್ತು. ಮುಖದ ಆ ಅರ್ಧ ಮರಗಟ್ಟಿತ್ತು. ಡಾಕ್ಟರ ಬಳಿಗೆ ನಾನೇ ಕರೆದೊಯ್ದಿದ್ದೆ. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕೂತು ಗಲ್ಲ ಉಬ್ಬಿಸುವ ವ್ಯಾಯಾಮ ಮಾಡಿ ಅವಳು ಎಲ್ಲವನ್ನೂ ಮರಳಿ ಪಡೆದಳು, ಆ ಒಂದು ಎಳೆಯಷ್ಟನ್ನು ಬಿಟ್ಟು. ಇದೆಲ್ಲ ನನಗೆ ಗೊತ್ತಿತ್ತು. ಆ ಬಾಯನ್ನು ದಿನಾ ನೋಡಿದ್ದೆ. ಆದರೆ ಕತ್ತಲೆಯಲ್ಲಿ ಅವಳ ಮುಖವನ್ನು ಕೂಡಿಸುತ್ತ ಕೂಡಿಸುತ್ತ ನನಗರಿವಿಲ್ಲದೆಯೇ ಅದನ್ನು ಮದುವೆಯ ದಿನದ ಹಾಗೆ ನೆಟ್ಟಗೆ ಮಾಡಿಟ್ಟುಕೊಂಡಿದ್ದೆ.

"ಹಂಗಾರ ಕಣ್ಣು ಸರಿ ಅದ!" ಎಂದೆ. ಪಡಸಾಲೆಯುದ್ದಕ್ಕೂ ಕೇಳುವಂತೆ ಕೂಗಿದೆನೆಂದು ಆಮೇಲೆ ಹೇಳಿದಳು. "ನಿನ್ನ ಬಾಯಿ ಖರೇನೇ ಡೊಂಕ ಅದ!"

ಕಾಯುತ್ತ ಕೂತಿದ್ದ ಮುದುಕಿಯೊಬ್ಬಳು ಪತ್ರಿಕೆಯಿಂದ ತಲೆ ಎತ್ತಿ ನೋಡಿದಳು. ಹೆಂಡತಿಯ ಕಣ್ಣು ತುಂಬಿತು. ನನ್ನನ್ನು ಬೈಯಲೆಂದು ಬಾಯಿ ತೆರೆದವಳು ನಕ್ಕುಬಿಟ್ಟಳು. ಬಲಗಡೆ ಮೊದಲು ನಕ್ಕಿತು, ಎಡತುದಿ ಒಂದು ಕ್ಷಣ ತಡವಾಗಿ ಮೇಲೆ ಬಂತು. ನಾನು ಅದನ್ನೂ ನೋಡಿದೆ.